ಕಾಲಿಗೆ ಬುದ್ಧಿ ಹೇಳಿದ್ದು

ಗಾಡಿ ಕಲಿಸುವ ಮೇಷ್ಟ್ರುಗಳಲ್ಲಿ ಎರಡು ಬಗೆ. ಕೂಗಾಡುವವರು ಒಂದು, ಕೂಗಾಡದವರು ಇನ್ನೊಂದು. ಕೂಗಾಡುವವರ ಹತ್ತಿರ ಕಲಿತವರಿಗೆ ಗಾಡಿ ಬೇಗ ಬರುತ್ತದೆ, ಕಿವಿ ಸ್ವಲ್ಪ ಮಂದವಾಗುತ್ತದೆ. ನಮ್ಮ ನಿಧಾನಪ್ಪ ಕೂಗಾಡದವನು. ಅದೇನು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಗೇರು ಹಾಕುವಾಗ ನಿಧಾನ, ತಿರುವಿನಲ್ಲಿ ನಿಧಾನ, ಹಿಂದೆ ತೆಗೆಯುವಾಗ ಇನ್ನೂ ನಿಧಾನ ಎಂದು ದಿನವಿಡೀ ಒಂದೇ ಮಾತು ಹೇಳಿ ಹೇಳಿ, ಕಲಿಯಲು ಬಂದವರು ಹಚ್ಚಿದ ಹೆಸರು. ಡ್ರೈವಿಂಗ್ ಸ್ಕೂಲಿನ ಯಜಮಾನರು ಅದನ್ನು ಎತ್ತಿಕೊಂಡರು. ಸಿಟ್ಟು ಬಂದ ದಿನ ಹೆಂಡತಿಯೂ ಅದನ್ನೇ ಎತ್ತಿಕೊಳ್ಳುತ್ತಿದ್ದಳು.

ದೂರದಿಂದ ನೋಡಿದವರಿಗೆ ಅವನದು ಕೂತು ತಿನ್ನುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಾರಿನಲ್ಲಿ ಕೂತು ಊರು ಸುತ್ತುವುದು, ಅದಕ್ಕೆ ಸಂಬಳ ಬೇರೆ. ಆದರೆ ಆ ಸೀಟಿನಲ್ಲಿ ಕೂತು ನೋಡಬೇಕು. ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿ, ಪ್ರಾಣ ಮಾತ್ರ ತನ್ನದು. ಎದುರಿಗೆ ಲಾರಿ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಹೆಂಗಸು, ಎಡಕ್ಕೆ ಎಂದರೆ ಎರಡೂ ಕೈ ನೋಡಿಕೊಂಡು ಲೆಕ್ಕ ಹಾಕುವ ಬ್ಯಾಂಕಿನ ಗುಮಾಸ್ತ, ನಿವೃತ್ತರಾದ ಮೇಲೆ ಕಲಿಯಲು ಬಂದು ಏನು ಹೇಳಿದರೂ ‘ನನಗೆ ಗೊತ್ತು ಬಿಡ್ರಿ’ ಎನ್ನುವ ಹಿರಿಯರು, ಇವರೆಲ್ಲರ ಪಕ್ಕದಲ್ಲಿ ನಿಧಾನಪ್ಪ ಮೊಗದಲ್ಲಿ ಒಂದು ಗೆರೆಯೂ ಕದಲದಂತೆ ಕೂತಿರಬೇಕು. ಮೇಷ್ಟ್ರು ಬೆದರಿದ್ದು ಗೊತ್ತಾದರೆ ಶಿಷ್ಯ ಗಾಡಿಯನ್ನು ಮರ ಹತ್ತಿಸುತ್ತಾನೆ.

ಕಲಿಕೆಯ ಕಾರಿನಲ್ಲಿ ಬೇರೆ ಕಾರುಗಳಲ್ಲಿ ಇಲ್ಲದ ಒಂದು ಅನುಕೂಲವಿದೆ. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಶಿಷ್ಯ ಮರೆತರೆ ಮೇಷ್ಟ್ರು ಒತ್ತಬಹುದು. ಅದು ಆಪತ್ತಿಗೆಂದು ಇಟ್ಟಿದ್ದು. ನಿಧಾನಪ್ಪ ಅದನ್ನು ಒತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ಕಾರಿಗೆ ಇಷ್ಟು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಯಜಮಾನರು ಬೇರೆ ಮೇಷ್ಟ್ರುಗಳ ಮುಂದೆ ಆ ಕಾರಿನ ಬಾಗಿಲು ಸವರಿ ಸವರಿ ತೋರಿಸುತ್ತಿದ್ದರು. ಅವನ ಕೈಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಮಾತ್ರ ಯಾಕೋ ಒಂದೆರಡು ಸಲ ನಪಾಸಾಗಿಯೇ ಪಾಸಾಗುತ್ತಿದ್ದರು. ಅದಕ್ಕೆ ನಿಧಾನಪ್ಪ ಪರೀಕ್ಷೆ ಮಾಡುವವರನ್ನು ದೂರುತ್ತಿದ್ದ. ಅವರು ಮುಖ ಗಂಟು ಹಾಕಿಕೊಂಡು ಕೂತರೆ ಎಂಥವನಿಗೂ ಕೈಕಾಲು ನಡುಗುತ್ತದೆ ಎಂಬುದು ಅವನ ವಾದ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅಷ್ಟು ದೊಡ್ಡ ಮಾತು ಅವನಿಗೆ ಬೇಡ. ಆದರೂ ದಿನವಿಡೀ ತಡೆದುಕೊಂಡದ್ದು ಎಲ್ಲಿಗಾದರೂ ಹೋಗಬೇಕಲ್ಲ. ಸಂಜೆ ಮನೆಗೆ ಬಂದ ಮೇಲೆ ಅವನಿಗೆ ಚಮಚ ಬಿದ್ದ ಸದ್ದನ್ನೂ ಸಹಿಸಲಾಗುತ್ತಿರಲಿಲ್ಲ. ಟವೆಲು ಯಾಕೆ ಇಲ್ಲಿದೆ, ಈ ಕುರ್ಚಿಯನ್ನು ಯಾರು ಎಳೆದರು, ಫೋನಿನಲ್ಲಿ ಇಷ್ಟು ಗಟ್ಟಿ ಯಾಕೆ ಮಾತಾಡಬೇಕು. ‘ಏನಾಯ್ತು ನಿಮಗೆ?’ ಎಂದು ಹೆಂಡತಿ ಕೇಳಿದರೆ ‘ಏನಿಲ್ಲ’ ಎನ್ನುತ್ತಿದ್ದ. ಊಟದ ಮೇಜಿನ ಕೆಳಗಿನ ಅಡ್ಡಪಟ್ಟಿಯ ಬಣ್ಣ ಅವನ ಬಲಗಾಲು ಊರುವ ಕಡೆ ಮಾತ್ರ ಕಿತ್ತುಹೋಗಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಕುರ್ಚಿಯಿಂದ ಏಳದೆ ಆ ಕಾಲನ್ನು ಒತ್ತುತ್ತಿದ್ದ, ಒತ್ತಿದರೆ ಹಾಲು ನಿಲ್ಲುತ್ತದೆ ಎಂಬಂತೆ. ಮೀನಖಂಡ ಕಲ್ಲಾಗಿತ್ತು. ಡಾಕ್ಟರು ರಕ್ತದೊತ್ತಡ ನೋಡಿ, ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದರು. ಹೇಗೆ ಎಂದು ಹೇಳಲಿಲ್ಲ; ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು.

ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯಸ್ಥೆ. ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವಳು, ಹೆಚ್ಚುವ ಮೇಜಿಗೆ ಬಂದು, ಒಲೆಗೆ ಬಂದು, ಈಗ ಯಾರಿಗೆ ಉಪ್ಪಿಲ್ಲದ್ದು, ಯಾರಿಗೆ ಮೆತ್ತಗಿನದ್ದು, ಯಾರಿಗೆ ಬರೀ ಗಂಜಿ ಎಂದು ನೋಡುವವಳು. ಹಳೆಯ ಕಟ್ಟಡದಲ್ಲಿದ್ದ ಆ ಅಡುಗೆಮನೆಯನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸುವುದೆಂದು ತೀರ್ಮಾನವಾಯಿತು. ಒಲೆ ಹಚ್ಚುವುದು ಬೆಳಕು ಹರಿಯುವ ಮೊದಲು. ಆ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ. ನಿಧಾನಪ್ಪನ ಮೊದಲ ಪಾಠವೂ ಅದೇ ಹೊತ್ತಿಗೆ, ಊರಿನ ಇನ್ನೊಂದು ತುದಿಯಲ್ಲಿ. ಮನೆಯಲ್ಲಿ ಒಂದು ಹಳೆಯ ಪುಟ್ಟ ಕಾರು ನಿಂತಿತ್ತು. ಅವಳು ಓಡಿಸಲು ಕಲಿತರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಮೇಲಿನವರು ಇದನ್ನು ಬಹಳ ವಿನಯದಿಂದಲೇ ತಿಳಿಸಿದರು.

‘ಮನೇಲೇ ಮೇಷ್ಟ್ರು ಇದ್ದಾರೆ, ನನಗೇನು ಭಯ?’ ಎಂದು ಅವಳು ಅಡುಗೆಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಯಜಮಾನರು ಕಲಿಕೆಯ ಕಾರನ್ನು ಸಂಜೆ ಹೊತ್ತು ಕೊಟ್ಟರು. ಅವಳು ಚೆನ್ನಾಗಿ ಓಡಿಸಿದಳು. ಕೈ ಗಟ್ಟಿ, ಕಣ್ಣು ಚುರುಕು. ಹತ್ತು ಒಲೆ ಒಟ್ಟಿಗೆ ನೋಡುವವಳಿಗೆ ಮೂರು ಕನ್ನಡಿ ಯಾವ ಲೆಕ್ಕ? ತಿರುವಿನಲ್ಲಿ ಗಾಡಿ ಬೆಣ್ಣೆಯ ಹಾಗೆ ನಿಧಾನವಾಗುತ್ತಿತ್ತು, ಅಡ್ಡರಸ್ತೆಯ ಬಿಳಿಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು. ‘ನೀನು ನನ್ನ ಶಿಷ್ಯರಲ್ಲೇ ಮೇಲು’ ಎಂದು ನಿಧಾನಪ್ಪ ಮನಸಾರೆ ಹೊಗಳಿದ. ಹೆಂಡತಿಯನ್ನು ಅವನು ಬಾಯಿಬಿಟ್ಟು ಹೊಗಳಿದ್ದು ಕಡಿಮೆ, ಅವಳು ಎರಡು ದಿನ ಅದೇ ಗುಂಗಿನಲ್ಲಿ ಓಡಾಡಿದಳು.

ಪರೀಕ್ಷೆಗೆ ಸ್ವಂತ ಕಾರು ತರಬೇಕೆಂಬುದು ಅಲ್ಲಿಯ ನಿಯಮ. ಅವಳು ಮನೆಯ ಪುಟ್ಟ ಕಾರಿನಲ್ಲಿ ಹೋದಳು, ನಪಾಸಾದಳು. ಹೆದರಿಕೆಗೆ ಹಾಗಾಯಿತು ಎಂದುಕೊಂಡರು. ಮತ್ತೆ ಕಲಿಕೆಯ ಕಾರಿನಲ್ಲಿ ಅಭ್ಯಾಸ, ಮತ್ತೆ ಬೆಣ್ಣೆ, ಮತ್ತೆ ಹೊಗಳಿಕೆ. ಎರಡನೆಯ ಸಲವೂ ನಪಾಸು. ಈ ಸಲ ಪರೀಕ್ಷೆ ಮಾಡಿದವರು ಕಾರಿನಿಂದ ಇಳಿಯುತ್ತಾ ಕೇಳಿದರು, ‘ಅಲ್ಲಮ್ಮಾ, ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಗಾಡಿ ತಾನಾಗೇ ನಿಲ್ಲುತ್ತೆ ಅಂದ್ಕೊಂಡಿದೀರಾ? ಬ್ರೇಕ್ ಒತ್ತೋರು ಯಾರು?’

ಆ ಮಾತು ಅವಳ ತಲೆಯಲ್ಲಿ ಕೂತಿತು. ಮರುದಿನ ಈರುಳ್ಳಿ ಹೆಚ್ಚುವಾಗಲೂ ಅದೇ, ತಟ್ಟೆಗಳನ್ನು ಸಾಲಾಗಿಡುವಾಗಲೂ ಅದೇ. ನಿಜವೇ, ಅವಳಿಗೆ ಗಾಡಿ ತಾನಾಗಿಯೇ ನಿಲ್ಲುವುದು ಅಭ್ಯಾಸವಾಗಿತ್ತು. ಕಾಲು ಪೆಡಲಿನ ಮೇಲೆ ಇಟ್ಟರೆ ಸಾಕು, ಉಳಿದದ್ದು ಆಗುತ್ತಿತ್ತು. ಆದದ್ದು ಹೇಗೆ?

ಸಂಜೆ ಅವಳು ಗಂಡನನ್ನೇ ಕೇಳಿದಳು. ‘ರೀ, ನಾನು ಓಡಿಸೋವಾಗ ನೀವು ಬ್ರೇಕ್ ಒತ್ತುತೀರಾ?’

‘ನಾನಾ? ಆ ಪೆಡಲ್ ನೆನಪೇ ಇರಲ್ಲ ನಂಗೆ.’

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಸುಳ್ಳು ಹೇಳುವವನಾಗಿದ್ದರೆ ಹಿಡಿದು ಕೇಳಬಹುದಿತ್ತು.

ಅವಳ ತಮ್ಮ ಮೆಕ್ಯಾನಿಕ್. ಡ್ರೈವಿಂಗ್ ಸ್ಕೂಲಿನ ಕಾರುಗಳೆಲ್ಲ ಅವನ ಗ್ಯಾರೇಜಿಗೇ ಬರುವುದು. ಗ್ಯಾರೇಜಿನಲ್ಲಿ ಕೆಲಸ ಕಡಿಮೆಯಿದ್ದಾಗಲೆಲ್ಲ ಫೋನಿನಲ್ಲಿ ಬರುವ ಹಿತವಚನ ಓದಿ, ಅದನ್ನು ಬಂದುಹೋದವರಿಗೆಲ್ಲ ಹಂಚುವ ದೊಡ್ಡ ಮನಸ್ಸಿನವನು. ಅಕ್ಕನ ಮಾತು ಕೇಳಿ ಅವನು ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ಹಳೆಯ ಸೈಕಲ್ಲಿನ ಬೆಲ್ಲು, ಒಂದು ತಂತಿ, ಒಂದು ಸ್ಪ್ರಿಂಗು ತೆಗೆದುಕೊಂಡು ಕಾರಿನ ಕೆಳಗೆ ನುಸುಳಿದ. ಮೇಷ್ಟ್ರ ಪೆಡಲು ಒಂದು ಬೆರಳಿನಷ್ಟು ಕೆಳಗೆ ಹೋದರೂ ಬೆಲ್ಲು ಬಾರಿಸುವಂತೆ ಮಾಡಿ, ‘ಭಾವಂಗೆ ಹೇಳ್ಬೇಡ’ ಎಂದ.

ಆ ಸಂಜೆ ಅವಳು ಕಾರು ಹೊರಡಿಸಿದಳು. ನಿಧಾನಪ್ಪ ಪಕ್ಕದಲ್ಲಿ ಕೂತ, ಎಂದಿನಂತೆ ಬಲು ಶಾಂತ. ಬೀದಿಯ ಕೊನೆಯ ತಿರುವು ಬಂತು. ಟ್ರಿಣ್.

‘ಸೈಕಲ್ ಬರ್ತಿದೆ ನೋಡು, ಪಕ್ಕಕ್ಕೆ ಬಾ,’ ಎಂದ ನಿಧಾನಪ್ಪ.

ಅವಳು ಮುಂದಕ್ಕೇ ಓಡಿಸಿದಳು. ಶಾಲೆಯ ಗೇಟು ಬಂತು. ಟ್ರಿಣ್. ಮುಂದೆ ಹೋಗುತ್ತಿದ್ದ ಬಸ್ಸಿನ ಕೆಂಪು ದೀಪ ಹತ್ತಿತು. ಟ್ರಿಣ್ ಟ್ರಿಣ್. ನಾಯಿಯೊಂದು ರಸ್ತೆ ದಾಟುವ ಯೋಚನೆ ಮಾಡಿತು, ದಾಟಲೂ ಇಲ್ಲ, ಆದರೂ ಟ್ರಿಣ್. ನಿಧಾನಪ್ಪ ಕತ್ತು ಹೊರಳಿಸಿ ಹೊರಳಿಸಿ ಸೈಕಲ್ಲು ಹುಡುಕಿದ. ಹುಡುಕುವಾಗ ಎದುರಿಗೆ ವ್ಯಾನು ಬಂತು, ಬೆಲ್ಲು ಅವನ ಕಾಲ ಬುಡದಲ್ಲೇ ಬಾರಿಸಿತು. ಅವನು ಕೆಳಗೆ ನೋಡಿದ. ಕಾಲು ಪೆಡಲಿನ ಮೇಲಿತ್ತು. ಕಾಲು ಯಾವಾಗ ಅಲ್ಲಿಗೆ ಹೋಯಿತು, ಯಾರು ಕಳುಹಿಸಿದರು, ಅವನಿಗೆ ಗೊತ್ತಿರಲಿಲ್ಲ.

ಅವಳು ಗಾಡಿಯನ್ನು ಪಕ್ಕಕ್ಕೆ ತಂದಳು. ಅದು ನಿಲ್ಲುವಾಗಲೂ ಟ್ರಿಣ್ ಎಂದಿತು.

‘ಎರಡು ಸಲ ನಪಾಸಾಗಿದ್ದು ನಾನಲ್ಲ,’ ಎಂದಳು ಅವಳು. ‘ನೀವು. ಪಕ್ಕದಲ್ಲಿ ಕೂತು ಅಡ್ಡಗಾಲು ಹಾಕ್ತಾ ಬಂದಿದೀರ. ನಂಗೆ ಬ್ರೇಕ್ ಅಂದ್ರೆ ಏನು ಅಂತ ಗೊತ್ತಾಗೋಕೇ ಬಿಟ್ಟಿಲ್ಲ. ನನ್ನ ಕೆಲಸ ಹೋಗುತ್ತೆ, ಗೊತ್ತಾ?’

ಅಡ್ಡಗಾಲು ಹಾಕುವುದೆಂದರೆ ಒಳ್ಳೆಯ ಕೆಲಸ ಕೆಡಿಸುವುದು. ಮದುವೆ ತಪ್ಪಿಸುವವರು, ಪಕ್ಕದ ಮನೆಯ ಗೋಡೆ ಏಳದಂತೆ ಮಾಡುವವರು ಹಾಕುವಂಥದ್ದು. ನಿಧಾನಪ್ಪ ಯಾರ ಹಾದಿಗೂ ಹೋದವನಲ್ಲ. ಅವನ ಪಿತ್ತ ನೆತ್ತಿಗೇರಿತು. ಬೆಲ್ಲು ಯಾರ ಕೈಚಳಕವೆಂದು ಊಹಿಸಿ ಭಾವಮೈದುನನನ್ನೂ ಬಾಯಿಗೆ ಬಂದಂತೆ ಅಂದ. ಕಾಲು ಕೆರೆದು ಜಗಳಕ್ಕೆ ನಿಲ್ಲುವ ಮನಸ್ಸಾಯಿತು. ಆ ಕಾಲೇ ಈಗ ಆರೋಪಿಯಾದ್ದರಿಂದ ನಿಲ್ಲಲಾಗಲಿಲ್ಲ. ಬಾಗಿಲು ತೆಗೆದು ಇಳಿದು ಕಾಲಿಗೆ ಬುದ್ಧಿ ಹೇಳಿದ. ಅಂದರೆ ಎಲ್ಲರೂ ಹೇಳುವ ಅರ್ಥದಲ್ಲಿಯೇ: ಅಲ್ಲಿಂದ ಹೊರಟುಬಿಟ್ಟ.

ಮನೆ ದೂರವಿತ್ತು. ಮೊದಲ ಬೀದಿಯಲ್ಲಿ ಹೆಂಡತಿಗೆ ಏನೇನು ಹೇಳಬೇಕೋ ಎಲ್ಲ ಜೋಡಿಸಿಕೊಂಡ. ಹೂವಿನ ಅಂಗಡಿ ದಾಟುವಾಗ ಅದರಲ್ಲಿ ಅರ್ಧ ಮರೆತುಹೋಗಿತ್ತು. ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು, ಅಲ್ಲಿ ಸ್ವಲ್ಪ ಹೊತ್ತು ನಿಂತ. ಇಷ್ಟು ವರ್ಷ ಅವನ ಕೈಯಲ್ಲಿ ಕಲಿತು ನಪಾಸಾದವರ ಮುಖಗಳು ನೆನಪಾದವು. ಬ್ಯಾಂಕಿನ ಗುಮಾಸ್ತ ಕಣ್ಣೀರು ಹಾಕಿದ್ದ. ನಿಧಾನಪ್ಪನಿಗೆ ನಾಚಿಕೆಯಾಯಿತು. ಮನೆ ಮುಟ್ಟುವ ಹೊತ್ತಿಗೆ ಕೋಪ ಪೂರ್ತಿ ಇಳಿದಿತ್ತು, ಕಾಲು ನೋಯುತ್ತಿತ್ತು. ನಡೆದರೆ ಕೋಪ ಇಳಿಯುತ್ತದೆ ಎಂಬುದು ಅವನಿಗೆ ಹೊಸ ವಿಷಯ. ಅವನು ಊರಿಗೆಲ್ಲ ಗಾಡಿ ಕಲಿಸುವವನು, ನಡೆದು ಎಷ್ಟು ಕಾಲವಾಗಿತ್ತೋ.

ಮರುದಿನ ಭಾವಮೈದುನ ರಾಜಿಗೆ ಬಂದ. ಬರಿಗೈಯಲ್ಲಿ ಬರಲಿಲ್ಲ, ಉಪದೇಶ ಹೊತ್ತು ತಂದ.

‘ಭಾವ, ಇದೆಲ್ಲ ಒತ್ತಡ. ಆಳವಾಗಿ ಉಸಿರು ಎಳ್ಕೊಳ್ಳಿ, ನಾಲ್ಕು ಎಣಿಸಿ, ಬಿಡಿ. ಆಮೇಲೆ ಒಂದು ರಬ್ಬರ್ ಚೆಂಡು ಅಮುಕ್ತಾ ಇರಿ. ಆಮೇಲೆ ಕನ್ನಡಿ ಮುಂದೆ ನಿಂತು ಜೋರಾಗಿ ನಗಿ.’

‘ಗಾಡೀಲಿ ಕನ್ನಡಿ ಮುಂದೆ ನಕ್ಕರೆ ಹಿಂದಿನ ಗಾಡಿಯವನು ಏನಂದ್ಕೋತಾನೆ?’

‘ಅವನ ಒತ್ತಡಾನೂ ಹೋಗುತ್ತೆ ಬಿಡಿ.’

ನಿಧಾನಪ್ಪ ಎಲ್ಲವನ್ನೂ ಮಾಡಿ ನೋಡಿದ, ನಗುವುದೊಂದನ್ನು ಬಿಟ್ಟು. ಉಸಿರು ಒಳ್ಳೆಯದೇ. ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ನಡುವೆ, ಗಾಡಿ ನಿಂತಿದ್ದಾಗ, ಎರಡು ಸಲ ಎಳೆದುಬಿಟ್ಟರೆ ಭುಜ ಕೆಳಗಿಳಿಯುತ್ತಿತ್ತು. ಓಡುವ ಗಾಡಿಯಲ್ಲಿ ಮಾತ್ರ ಲೆಕ್ಕ ತಪ್ಪುತ್ತಿತ್ತು: ಎರಡು ಎನ್ನುವಾಗ ಯಾರೋ ಪಾದಚಾರಿ ಅಡ್ಡ ಬರುತ್ತಿದ್ದ. ಚೆಂಡು ಸೀಟಿನ ಕೆಳಗೆ ಉರುಳಿ ಶಿಷ್ಯನ ಕ್ಲಚ್ಚಿಗೆ ಸಿಕ್ಕಿಕೊಂಡದ್ದರಿಂದ ಅದನ್ನು ಭಾವಮೈದುನನಿಗೇ ವಾಪಸು ಕೊಟ್ಟ. ಸಂಜೆ ಕೊನೆಯ ಪಾಠ ಮುಗಿಸಿ ಸೇತುವೆಯ ಮೇಲಿಂದ ನಡೆದುಕೊಂಡೇ ಮನೆಗೆ ಬರುವುದು ಅಭ್ಯಾಸವಾಯಿತು. ಹೆಂಡತಿ ಒಂದು ಕಟ್ಟಳೆ ಮಾಡಿದಳು: ಇಬ್ಬರಲ್ಲಿ ಯಾರೇ ಹೊರಗಿಂದ ಬರಲಿ, ಕೈಕಾಲು ತೊಳೆದು ಒಂದು ಲೋಟ ನೀರು ಕುಡಿದು ಮುಗಿಸುವ ತನಕ ಇನ್ನೊಬ್ಬರು ಏನೂ ಕೇಳಕೂಡದು, ಏನೂ ಹೇಳಕೂಡದು. ಗ್ಯಾಸು ಮುಗಿದಿದ್ದರೂ ಸರಿಯೇ, ನೆಂಟರು ಬಂದಿದ್ದರೂ ಸರಿಯೇ. ಇದರಿಂದ ಮನೆಯಲ್ಲಿ ಟವೆಲಿನ ಜಗಳ ಬಹಳ ಕಡಿಮೆಯಾಯಿತು.

ಆದರೆ ಕಾರಿನಲ್ಲಿ ಬೆಲ್ಲು ನಿಲ್ಲಲಿಲ್ಲ. ಅವನು ಬಲಗಾಲಿನ ಶೂ ಬಿಚ್ಚಿಟ್ಟು ಕೂತ, ಬರಿಗಾಲೂ ಒತ್ತಿತು. ಕಾಲ ಮೇಲೆ ಕಾಲು ಹಾಕಿ ಕೂತ. ಕಾಲು ತಾನೇ ಇಳಿಯಿತು. ಕೊನೆಗೆ ಆಟದ ಬಯಲಿನಲ್ಲಿ, ಸುತ್ತ ಯಾರೂ ಇಲ್ಲದ ಕಡೆ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬೆಲ್ಲು ಬಾರಿಸಲಿಲ್ಲ. ಅವಳು ಬ್ರೇಕು ತಡವಾಗಿ ಒತ್ತಿದಳು, ಗಾಡಿ ಗಕ್ಕೆಂದು ನಿಂತಿತು, ಮಡಿಸಿದ ಕಾಲಿನ ಸಮೇತ ನಿಧಾನಪ್ಪ ಮುಂದಕ್ಕೆ ಬಾಗಿ ಸೀಟ್‌ಬೆಲ್ಟಿನಲ್ಲಿ ನೇತಾಡಿದ. ಇಬ್ಬರೂ ನಕ್ಕರು. ಆದರೆ ಅವಳು ನಗು ನಿಲ್ಲಿಸಿ ಅವನ ಮುಖ ನೋಡಿದಳು. ಹಣೆಯಲ್ಲಿ ಬೆವರಿತ್ತು, ಕೈ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

‘ಏನಾಯ್ತು?’

‘ಏನಿಲ್ಲ.’

ಅವಳು ಎಂಜಿನ್ ಆರಿಸಿದಳು.

‘ನಮ್ಮ ಅಡುಗೆಮನೇಲಿ ಒಂದು ನಿಯಮ ಇದೆ,’ ಎಂದಳು. ‘ಬಿಸಿ ಪಾತ್ರೆ ಎತ್ತಿದೋರು ಬಾಯಿ ಬಿಟ್ಟು ಬಿಸಿ ಬಿಸಿ ಅಂತ ಕೂಗ್ತಾ ಹೋಗ್ಬೇಕು. ಮಹಾರಾಜನೇ ಆಗಲಿ ಕೂಗ್ಲೇಬೇಕು. ಕೂಗಿದ್ರೆ ಪಾತ್ರೆ ತಣ್ಣಗಾಗಲ್ಲ. ಆದ್ರೆ ಪಕ್ಕದೋರಿಗೆ ಗೊತ್ತಾಗುತ್ತೆ, ದಾರಿ ಬಿಡ್ತಾರೆ, ಎತ್ತಿದೋರಿಗೂ ಕೈ ನಡುಗೋದು ಕಡಿಮೆ ಆಗುತ್ತೆ. ಯಾರನ್ನಾದ್ರೂ ಸುಟ್ಟಿದ್ರೆ ಅದು ಕೂಗದೆ ಓಡಾಡಿದೋರೇ. ನೀವು ಮದುವೆ ಆದಾಗಿಂದ ಬಿಸಿ ಪಾತ್ರೆ ಹಿಡ್ಕೊಂಡು ಏನಿಲ್ಲ ಏನಿಲ್ಲ ಅಂತ ಮನೆ ತುಂಬಾ ಓಡಾಡ್ತಿದೀರ.’

ನಿಧಾನಪ್ಪ ಬಯಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಗೋಲಿನ ಕಂಬಗಳನ್ನು ನೋಡುತ್ತಾ ಕೂತ. ಮೇಷ್ಟ್ರಾದವನು ಹೆದರಿದ್ದೇನೆ ಎಂದು ಹೇಳಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಅದನ್ನು ಅವನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ ತನಗೆ ತಾನೇ ಹೇಳಿಕೊಳ್ಳುವುದನ್ನೂ ಬಿಟ್ಟಿದ್ದ. ಬಾಯಿ ಮುಚ್ಚಿದ್ದರಿಂದ ಕಾಲು ಮಾತಾಡುತ್ತಿತ್ತು.

‘ಬಿಸಿ,’ ಎಂದ ಕೊನೆಗೆ, ಕಳ್ಳನಂತೆ ಸಣ್ಣ ದನಿಯಲ್ಲಿ.

‘ಕೇಳಿಸ್ಲಿಲ್ಲ.’

‘ಬಿಸಿ ಕಣೇ! ನೀನು ಆ ಕಂಬಕ್ಕೆ ಗುದ್ದುತೀಯ ಅಂತ ಜೀವ ಬಾಯಿಗೆ ಬಂದಿತ್ತು.’

‘ನಂಗೂ ಬಂದಿತ್ತು,’ ಎಂದು ಅವಳು ಮತ್ತೆ ಗಾಡಿ ಶುರುಮಾಡಿದಳು.

ಆಮೇಲಿನ ದಿನಗಳಲ್ಲಿ ಆ ಕಾರಿನೊಳಗೆ ಕೂತು ಕೇಳಿದವರಿದ್ದರೆ ಹೋಟೆಲಿನ ಅಡುಗೆಮನೆ ಎಂದುಕೊಳ್ಳುತ್ತಿದ್ದರು. ಬಸ್ಸು ಕಂಡರೆ ಅವನು ಬಿಸಿ, ತಿರುವು ಬಂದರೆ ಅವಳೂ ಸೇರಿ ಬಿಸಿ ಬಿಸಿ. ಕಾಲು ಒಮ್ಮೆಲೇ ಬುದ್ಧಿ ಕೇಳಲಿಲ್ಲ. ಮೊದಲು ಬಾಯಿ ಮತ್ತು ಬೆಲ್ಲು ಎರಡೂ ಒಟ್ಟಿಗೆ ಬಾರಿಸಿದವು. ಆಮೇಲೆ ಬಾಯಿ ಮುಂದೆ, ಬೆಲ್ಲು ಹಿಂದೆ. ಒಂದು ಸಂಜೆ ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ, ಎದುರಿಗೆ ಆಂಬುಲೆನ್ಸ್ ತಿರುಗಿಕೊಳ್ಳುತ್ತಿದ್ದಾಗ, ನಿಧಾನಪ್ಪ ‘ಬಿಸಿ!’ ಎಂದು ಚೀರಿದ, ಅವಳು ತಾನೇ ಬ್ರೇಕು ಒತ್ತಿದಳು, ಬೆಲ್ಲು ಸುಮ್ಮನಿತ್ತು. ಗಾಡಿ ನಿಂತದ್ದು ಬೆಣ್ಣೆಯ ಹಾಗೇನಲ್ಲ, ಒಂದಿಷ್ಟು ಕುಲುಕಿಕೊಂಡೇ ನಿಂತಿತು. ಆದರೆ ನಿಲ್ಲಿಸಿದವಳು ಅವಳು. ನಿಧಾನಪ್ಪನಿಗೆ ಅಳು ಬಂದಂತಾಯಿತು, ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ಬೇರೆ ಶಿಷ್ಯರ ಮುಂದೆ ಬಿಸಿ ಎಂದರೆ ಅವರು ಕಿಟಕಿ ಇಳಿಸುತ್ತಿದ್ದರು. ಅವರಿಗೆ ಸರಿಯಾಗಿ ಬಿಡಿಸಿಯೇ ಹೇಳತೊಡಗಿದ. ‘ನನಗೀಗ ಹೆದರಿಕೆ ಆಗ್ತಿದೆ, ನಿಮಗೂ ಆಗ್ತಿರಬಹುದು, ಬ್ರೇಕ್ ನಿಮ್ಮ ಕಾಲ ಕೆಳಗಿದೆ.’ ಕೆಲವರು ಬೆಚ್ಚಿದರು. ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹೆಂಗಸು ಮಾತ್ರ, ‘ಅಯ್ಯೋ, ನನಗೊಬ್ಬಳಿಗೇ ಅಂದ್ಕೊಂಡಿದ್ದೆ’ ಎಂದು ನಕ್ಕು, ಕಣ್ಣು ತೆರೆದುಕೊಂಡೇ ಲಾರಿಯನ್ನು ದಾಟಿದಳು. ಅದೇ ವಾರ ಇನ್ನೊಬ್ಬ ಶಿಷ್ಯ ಕಾಂಪೌಂಡು ಗೋಡೆಗೆ ಕಾರನ್ನು ತಿಕ್ಕಿದ. ಯಜಮಾನರು ಬಾಗಿಲಿನ ಮೇಲಿನ ಆ ಮೊದಲ ಗೀರನ್ನು ಸವರಿ ನೋಡಿ ಬೇಜಾರು ಮಾಡಿಕೊಂಡರು.

ಮೂರನೆಯ ಪರೀಕ್ಷೆಗೆ ಇಬ್ಬರೂ ಹೋದರು. ನಿಧಾನಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಗಾಡಿ ವಾಪಸು ಬಂದಾಗ ಪರೀಕ್ಷೆ ಮಾಡುವವರು ಮೊದಲು ಇಳಿದು ನೇರವಾಗಿ ಇವನ ಹತ್ತಿರ ಬಂದರು.

‘ನಿಮ್ಮ ಮನೆಯವರು ದಾರಿಯುದ್ದಕ್ಕೂ ಬಿಸಿ ಬಿಸಿ ಅಂತ ಗೊಣಗ್ತಾರಲ್ಲ, ಯಾಕ್ರೀ? ನಾನು ಏಸಿ ಹಾಕಿಸಿದೆ, ಆದ್ರೂ ನಿಲ್ಲಿಸ್ಲಿಲ್ಲ.’

‘ಪಾಸಾ ಸ್ವಾಮಿ?’

‘ಪಾಸೇ. ಆದ್ರೆ ಆಯಮ್ಮಂಗೆ ಡಾಕ್ಟರಿಗೆ ತೋರ್ಸಿ.’

ಹೊಸ ಅಡುಗೆಮನೆ ಮರುವಾರ ಶುರುವಾಗುವುದಿತ್ತು. ಅದಕ್ಕೆ ಮೊದಲು, ರಜೆಯ ದಿನ ಬೆಳಿಗ್ಗೆ, ದಾರಿ ನೋಡಿಕೊಂಡು ಬರಲು ಇಬ್ಬರೂ ಪುಟ್ಟ ಕಾರಿನಲ್ಲಿ ಹೊರಟರು. ಅವಳು ಓಡಿಸಿದಳು. ಈ ಕಾರಿನಲ್ಲಿ ಅವನ ಕಾಲ ಕೆಳಗೆ ಬರೀ ರಬ್ಬರು ಮ್ಯಾಟು. ಊರು ಮುಗಿದು ಗೋದಾಮುಗಳ ಸಾಲು ಬಂತು, ಆಮೇಲೆ ಅಗಲವಾದ ಹೆದ್ದಾರಿ, ದೊಡ್ಡ ದೊಡ್ಡ ಲಾರಿಗಳು. ಹೆದ್ದಾರಿಗೆ ಸೇರುವ ಮೊದಲು ಒಂದು ಬಸ್ ನಿಲ್ದಾಣವಿತ್ತು. ಅವಳು ಅಲ್ಲಿ ಗಾಡಿ ನಿಲ್ಲಿಸಿದಳು.

‘ನೀವು ಇಲ್ಲಿ ಇಳ್ಕೊಳ್ಳಿ.’

‘ಯಾಕೆ?’

‘ನಾಳಿದ್ದಿಂದ ನೀವು ಪಕ್ಕದಲ್ಲಿ ಇರಲ್ವಲ್ಲ. ಇವತ್ತೇ ಒಂದು ಸಲ ಒಬ್ಬಳೇ ಹೋಗಿ ಬರ್ತೀನಿ. ಆಗಲ್ಲ ಅಂದ್ರೆ ಇವತ್ತೇ ಗೊತ್ತಾಗ್ಲಿ.’

ಅವನು ಇಳಿದ. ಬಾಗಿಲು ಹಾಕಿ, ಸರಿಯಾಗಿ ಬಿತ್ತೇ ಎಂದು ಇನ್ನೊಮ್ಮೆ ನೂಕಿ ನೋಡಿದ. ಅವಳು ಬಲಗಡೆಯ ದೀಪ ಹಾಕಿ, ಕತ್ತು ಹೊರಳಿಸಿ ನೋಡಿ, ಒಂದು ಲಾರಿ ಹೋಗುವ ತನಕ ಕಾದು, ಹೆದ್ದಾರಿಗೆ ಸೇರಿದಳು. ಪುಟ್ಟ ಕಾರು ಎರಡು ಟ್ಯಾಂಕರುಗಳ ನಡುವೆ ಸಿಕ್ಕಿ, ಕಂಡು, ಮತ್ತೆ ಸಿಕ್ಕಿ, ಆಮೇಲೆ ಕಾಣಲಿಲ್ಲ.

ನಿಧಾನಪ್ಪ ನಿಂತೇ ಇದ್ದ. ಅಡುಗೆಮನೆ ಅಲ್ಲಿಂದ ಬಹಳ ದೂರವಲ್ಲ. ಹೋಗಿ ತಿರುಗಿಸಿಕೊಂಡು ಬರಲು ಎಷ್ಟು ಹೊತ್ತು ಬೇಕೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ಹೊತ್ತಾಯಿತು. ಮೇಲೆ ಇನ್ನೂ ಸ್ವಲ್ಪ ಆಯಿತು. ಬಿಳಿಯ ಕಾರು ಕಂಡಾಗಲೆಲ್ಲ ಒಂದು ಹೆಜ್ಜೆ ಮುಂದೆ ಬಂದ, ಅದು ಬೇರೆಯವರದಾದಾಗ ಹಿಂದೆ ಹೋದ. ಮಾಡಲು ಏನೂ ಇರಲಿಲ್ಲ. ಅವಳಿಗಾಗಿ ಅವನು ಒತ್ತಬಹುದಾದದ್ದು ಆ ರಸ್ತೆಯಲ್ಲಿ ಎಲ್ಲಿಯೂ ಇರಲಿಲ್ಲ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಸ್ಸು ಕಾಯುತ್ತಿದ್ದಳು. ಅವನು ಬಂದದ್ದನ್ನೂ ಹೋದದ್ದನ್ನೂ ನೋಡಿ ನೋಡಿ ಕೇಳಿದಳು.

‘ಏನಪ್ಪಾ, ಏನಾದ್ರೂ ತೊಂದ್ರೆನಾ?’

ನಿಧಾನಪ್ಪ ಅವಳ ಕಡೆ ತಿರುಗಿದ. ಗುರುತು ಪರಿಚಯವಿಲ್ಲದ ಮುಖ.

‘ನನ್ನ ಹೆಂಡತಿ ಮೊದಲನೇ ಸಲ ಒಬ್ಬಳೇ ಗಾಡಿ ಓಡಿಸ್ಕೊಂಡು ಹೋಗಿದಾಳೆ, ಅಮ್ಮಾ. ನಂಗೆ ತುಂಬಾ ಹೆದರಿಕೆ ಆಗ್ತಿದೆ.’

ಮುದುಕಿ ಚೀಲವನ್ನು ಇನ್ನೊಂದು ಪಕ್ಕಕ್ಕೆ ಇಟ್ಟು, ಸರಿದು ಜಾಗ ಮಾಡಿದಳು.

‘ಬಾ, ಕೂತ್ಕೋ,’ ಎಂದಳು. ‘ಯಾವ ಬಣ್ಣದ ಗಾಡಿ ಹೇಳು. ನನ್ನ ಕಣ್ಣು ಇನ್ನೂ ಚೆನ್ನಾಗಿದೆ.’

‘ಬಿಳೀದು. ಪುಟ್ಟದು.’

ಮುದುಕಿ ಕಾಯುತ್ತಿದ್ದ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಮುದುಕಿ ಅದಕ್ಕೆ ಕೈಯಾಡಿಸಿ ಹೋಗು ಎಂದಳು, ರಸ್ತೆಯ ಕಡೆಗೇ ನೋಡುತ್ತಾ ಕೂತಳು.